ಬೈಯುವ ಅಕ್ಕ, ಕೇಳುವ ಗೆಳತಿ: ಯಾರನ್ನು ಹತ್ತಿರ ಇಟ್ಟುಕೊಳ್ಳಬೇಕು?

ಪ್ರಶ್ನೆ: ನನಗೆ 37 ವರ್ಷ. ಮದುವೆಯಾದ ಮೇಲೆ 11 ವರ್ಷ ಪುಣೆಯಲ್ಲಿದ್ದೆ. ಗಂಡನಿಂದ ಬೇರೆಯಾಗಿ 9 ವರ್ಷದ ಮಗಳ ಜೊತೆ ದಾವಣಗೆರೆಗೆ ಬಂದು 14 ತಿಂಗಳಾಯಿತು. ಅಕ್ಕನ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದೇವೆ. ಒಂದು ಖಾಸಗಿ ಶಾಲೆಯ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ವಿಚ್ಛೇದನ ಮತ್ತು ಜೀವನಾಂಶದ ಪ್ರಕರಣ ಕೋರ್ಟಿನಲ್ಲಿದೆ. ಅಕ್ಕ ದಿನಕ್ಕೊಮ್ಮೆಯಾದರೂ "ನೀನು ಸ್ವಲ್ಪ ಹೊಂದಿಕೊಂಡು ಹೋಗಿದ್ದರೆ ಈ ಗತಿ ಬರ್ತಿರಲಿಲ್ಲ" ಎನ್ನುತ್ತಾಳೆ. ಬೆಂಗಳೂರಿನಲ್ಲಿರುವ ಕಾಲೇಜಿನ ಗೆಳತಿ ಒಬ್ಬಳೇ ನನ್ನನ್ನು ಅರ್ಥಮಾಡಿಕೊಂಡವಳು. ಪ್ರತಿ ರಾತ್ರಿ ಒಂದೂವರೆ ಗಂಟೆ ಫೋನಿನಲ್ಲಿ ಮಾತಾಡುತ್ತೇವೆ. ಚಿಕ್ಕಮ್ಮ ತುಂಬಾ ಪ್ರೀತಿಯಿಂದ ಬಂದು ಹೋಗುತ್ತಾರೆ, ಆದರೆ ಅವರಿಗೆ ಹೇಳಿದ್ದು ವಾರದೊಳಗೆ ಗಂಡನ ಮನೆಯವರಿಗೆ ಗೊತ್ತಾಗಿರುತ್ತದೆ. ನಾವು ದಿನವೂ ಒಡನಾಡುವ ಐದು ಜನರ ಸರಾಸರಿಯೇ ನಾವು, ನಕಾರಾತ್ಮಕ ಜನರನ್ನು ಬದುಕಿನಿಂದ ತೆಗೆದುಹಾಕಿ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆ. ತೆಗೆದುಹಾಕಬೇಕಾದವರಲ್ಲಿ ಮೊದಲ ಹೆಸರು ಅಕ್ಕನದೇ ಬಂತು. ಬೇರೆ ಬಾಡಿಗೆ ಮನೆ ಹಿಡಿಯಲೇ? ಒಳ್ಳೆಯವರನ್ನು ಗುರುತಿಸುವುದು ಹೇಗೆ? ಮುಂದಿನ ತಿಂಗಳು ಕೋರ್ಟಿನ ತಾರೀಕಿದೆ, ಯಾರನ್ನು ಜೊತೆಗೆ ಕರೆದುಕೊಂಡು ಹೋಗಲಿ?

ಉತ್ತರ: ಇಲ್ಲಿ ಸಂಕ್ಷಿಪ್ತವಾಗಿ ಕೊಟ್ಟಿರುವ ನಿಮ್ಮ ದೀರ್ಘ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಅದು ಅಕ್ಕನ ಮೇಲಿನ ದೂರಿನಂತೆ ಕಂಡಿತು. ಎರಡನೆಯ ಓದಿಗೆ, ಒಂದು ಮದುವೆಯ ವಿಷಯದಲ್ಲಿ ತನ್ನ ಲೆಕ್ಕ ತಪ್ಪಿತೆಂದು ನೊಂದವರು ಇನ್ನೊಮ್ಮೆ ತಪ್ಪಬಾರದೆಂದು ಎಲ್ಲರನ್ನೂ ತಕ್ಕಡಿಗೆ ಹಾಕುತ್ತಿರುವಂತೆ ಕಂಡಿತು. ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಕಳೆದ 22 ವರ್ಷಗಳಲ್ಲಿ ಇಂಥ ಪಟ್ಟಿಗಳನ್ನು ಬಹಳ ನೋಡಿದ್ದೇನೆ. ಅವನ್ನು ಬರೆದವರನ್ನು ನಾನು ಎಂದೂ ತಪ್ಪು ಎನ್ನುವುದಿಲ್ಲ. ಆದರೆ ಪಟ್ಟಿಯ ಹೆಸರುಗಳನ್ನು ಯಾವ ಅಳತೆಗೋಲಿನಿಂದ ಅಳೆದಿರಿ ಎಂದು ಕೇಳುತ್ತೇನೆ. ನೀವು ಅಳೆದಿರುವುದು ಮಾತಿನ ಸಿಹಿಯನ್ನು. ಆ ಅಳತೆಯಲ್ಲಿ ಅಕ್ಕ ಕೊನೆಗೆ ಬಂದರೆ, ನಿಮಗೆ ನಿಜವಾಗಿ ಹಾನಿ ಮಾಡುತ್ತಿರುವ ಚಿಕ್ಕಮ್ಮ ಮಧ್ಯದಲ್ಲೆಲ್ಲೋ ಬರುತ್ತಾರೆ, ಪ್ರೀತಿಯಿಂದಲೇ ನಿಮ್ಮನ್ನು ದಣಿಸುತ್ತಿರುವ ಗೆಳತಿ ಮೊದಲ ಸ್ಥಾನಕ್ಕೆ ಏರುತ್ತಾಳೆ.

ಮೊದಲು ಆ ಐದು ಜನರ ಸರಾಸರಿಯ ಮಾತನ್ನು ಬದಿಗಿಡೋಣ. ಅಮೆರಿಕದ ಪ್ರೇರಣಾ ಭಾಷಣಕಾರ ಜಿಮ್ ರೋನ್ ಅವರ ಹೆಸರಿನಲ್ಲಿ ಓಡಾಡುವ ಈ ಮಾತು ವೇದಿಕೆಯ ಮಾತೇ ಹೊರತು ಯಾವುದೇ ಅಧ್ಯಯನದಿಂದ ಹುಟ್ಟಿದ್ದಲ್ಲ. ಒಡನಾಟದಿಂದ ಮನುಷ್ಯರು ಬದಲಾಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಹೃದಯ ಅಧ್ಯಯನದ ದಾಖಲೆಗಳಿಂದ 12,067 ಜನರ 32 ವರ್ಷಗಳ ಮಾಹಿತಿಯನ್ನು ತೆಗೆದುಕೊಂಡು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಸಂಶೋಧಕರು 2007ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸ್ನೇಹಿತನೊಬ್ಬ ಸ್ಥೂಲಕಾಯನಾದರೆ ಇವನೂ ಹಾಗಾಗುವ ಸಂಭವ ಶೇ. 57ರಷ್ಟು ಹೆಚ್ಚುತ್ತದೆ ಎಂದು ಅವರು ತೋರಿಸಿದರು. ಆದರೆ ಒಂದೇ ಬಗೆಯ ಅಭ್ಯಾಸ ಇರುವವರೇ ಮೊದಲಿಗೆ ಸ್ನೇಹಿತರಾಗುತ್ತಾರಲ್ಲ, ಅದನ್ನು ಪ್ರಭಾವದಿಂದ ಬೇರ್ಪಡಿಸುವುದು ಹೇಗೆ ಎಂದು ಸಂಖ್ಯಾಶಾಸ್ತ್ರಜ್ಞರು ಎತ್ತಿದ ತಕರಾರು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಪ್ರಭಾವ ಎಷ್ಟೇ ಇರಲಿ, ಅದು ಐದು ಜನರನ್ನು ಕೂಡಿ ಐದರಿಂದ ಭಾಗಿಸಿದಷ್ಟು ಸರಳವಾಗಿ ಕೆಲಸ ಮಾಡುವುದಿಲ್ಲ. ಲೆಕ್ಕ ಬರೆಯುವ ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಖಚಿತವಾಗಿ ಗೊತ್ತಿರುವುದೇನು? ಜನರ ಆಸರೆ ಆಯುಸ್ಸಿಗೇ ಸಂಬಂಧಪಟ್ಟ ಸಂಗತಿ ಎಂಬುದಂತೂ ಗೊತ್ತಿದೆ. 148 ಅಧ್ಯಯನಗಳಲ್ಲಿ ಭಾಗವಹಿಸಿದ್ದ 3,08,849 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಗಟ್ಟಿಯಾದ ಸಂಬಂಧಗಳಿರುವವರು ಅಧ್ಯಯನದ ಅವಧಿಯ ಕೊನೆಗೆ ಬದುಕಿರುವ ಸಂಭವ ಉಳಿದವರಿಗಿಂತ ಶೇ. 50ರಷ್ಟು ಹೆಚ್ಚಾಗಿತ್ತು. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಉನ್ನತ ಸಾರ್ವಜನಿಕ ಆರೋಗ್ಯಾಧಿಕಾರಿ) ಆಗಿದ್ದ, ಮೂಲತಃ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯ ಕುಟುಂಬದವರಾದ ವಿವೇಕ್ ಮೂರ್ತಿ ಅವರು ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಘೋಷಿಸಿ ಸಲಹಾಪತ್ರ ಹೊರಡಿಸಿದಾಗ ಅದಕ್ಕೆ ಆಧಾರವಾಗಿದ್ದದ್ದು ಇಂಥ ಅಧ್ಯಯನಗಳೇ. ಆದ್ದರಿಂದ ಯಾರನ್ನು ತೆಗೆದುಹಾಕಲಿ ಎಂಬ ಪ್ರಶ್ನೆಗೆ ಉತ್ತರಿಸುವಾಗ ನಾನು ಬಹಳ ಹಿಂದೆಮುಂದೆ ನೋಡುತ್ತೇನೆ. ಒಂದು ಸಂಬಂಧವನ್ನು ಕಡಿಯಲು ಒಂದು ಸಂಜೆ ಸಾಕು; ಅದರ ಜಾಗಕ್ಕೆ ಇನ್ನೊಂದು ಬರಲು ವರ್ಷಗಳು ಬೇಕಾಗುತ್ತವೆ.

ಎರಡನೆಯ ಭ್ರಮೆ ಇದಕ್ಕಿಂತ ಸೂಕ್ಷ್ಮವಾದದ್ದು. ಒತ್ತಾಸೆಯಾಗಿ ನಿಲ್ಲುವುದು ಕೆಲವರ ಸ್ವಭಾವ, ಅಂಥವರು ಒಬ್ಬಿಬ್ಬರು ಸಿಕ್ಕಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಮಿಷಿಗನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ 1981ರಲ್ಲಿ ಆಸರೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಮನಸ್ಸಿಗೆ ಸಿಗುವ ಸಾಂತ್ವನ, ಕೈಯಿಂದ ಆಗುವ ಸಹಾಯ, ಬೇಕಾದ ತಿಳಿವಳಿಕೆ, ಮತ್ತು ನಮ್ಮ ನಡೆಯನ್ನು ನಾವೇ ತೂಗಿ ನೋಡಲು ಒದಗುವ ನೇರವಾದ ಅಭಿಪ್ರಾಯ. ಈ ನಾಲ್ಕೂ ಒಬ್ಬರಲ್ಲೇ ಸಿಗುವುದು ಬಹಳ ಅಪರೂಪ. ನಮ್ಮ ಕಷ್ಟವೇನೆಂದರೆ ಒಂದನ್ನು ಕೊಡುವವರಿಂದ ಇನ್ನೊಂದನ್ನು ನಿರೀಕ್ಷಿಸಿ, ಅದು ಸಿಗದಿದ್ದಾಗ ಆ ಮನುಷ್ಯರನ್ನೇ ಪಟ್ಟಿಯಿಂದ ಹೊಡೆದುಹಾಕುವುದು. ನಿಮ್ಮ ಅಕ್ಕ ಕೈಯಿಂದ ಮಾಡುವ ಸಹಾಯದಲ್ಲಿ ಧಾರಾಳಿ, ಸಾಂತ್ವನ ಹೇಳುವುದರಲ್ಲಿ ಬಡವಿ. ಬೇರೆ ಹಾಳೆಯಲ್ಲಿ ನೀವೇ ಬರೆದಿರುವಂತೆ ಮಗಳನ್ನು ಶಾಲೆಯಿಂದ ಕರೆತಂದು, ನೀವು ಬರುವವರೆಗೆ ಊಟ, ಮನೆಗೆಲಸ, ಮಗ್ಗಿ ಎಲ್ಲವನ್ನೂ ನೋಡಿಕೊಳ್ಳುವವಳು ಅವಳೇ. ಕಳೆದ ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದಾಗ ಮೂರು ರಾತ್ರಿ ಕುಳಿತವಳೂ ಅವಳೇ. ಆಪತ್ತಿಗಾದವನೇ ನೆಂಟ ಎನ್ನುವ ನಮ್ಮ ಗಾದೆ, ಆ ನೆಂಟ ಹೇಗೆ ಮಾತಾಡುತ್ತಾನೆ ಎಂಬುದರ ಬಗ್ಗೆ ಏನನ್ನೂ ಹೇಳಿಲ್ಲ ಎಂಬುದನ್ನು ಗಮನಿಸಿ.

ಇಷ್ಟು ಹೇಳಿದ ಕೂಡಲೇ, ಅಕ್ಕ ಏನೆಂದರೂ ಸಹಿಸಿಕೊಳ್ಳಿ ಎಂದು ನಾನು ಉಪದೇಶಿಸುತ್ತಿದ್ದೇನೆ ಎಂದು ತಿಳಿಯಬೇಡಿ. ಬೈಗುಳಕ್ಕೆ ಬೆಲೆ ತೆರಬೇಕಾಗುತ್ತದೆ, ಅದನ್ನು ತೆರುವುದು ಮೈ. ದಿನವಿಡೀ ತೋಳಿಗೆ ರಕ್ತದೊತ್ತಡ ಅಳೆಯುವ ಯಂತ್ರ ಕಟ್ಟಿಕೊಂಡು ಓಡಾಡಿದವರ ಮೇಲೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒತ್ತಡ ಹೆಚ್ಚಾಗಿ ಏರಿದ್ದು ಪ್ರೀತಿಯೂ ನೋವೂ ಎರಡೂ ಬೆರೆತಿರುವ ಸಂಬಂಧಿಗಳ ಜೊತೆ ಮಾತಾಡುವಾಗ. ಬರೀ ಆಗದವರ ಜೊತೆ ಇದ್ದಾಗಲೂ ಅಷ್ಟು ಏರಿರಲಿಲ್ಲ. ಆಗದವರಿಂದ ಏನು ಬರುತ್ತದೆಂದು ಗೊತ್ತಿರುತ್ತದೆ, ಅದಕ್ಕೆ ಮನಸ್ಸು ಮೊದಲೇ ಗುರಾಣಿ ಹಿಡಿದಿರುತ್ತದೆ. ಅಕ್ಕನಂಥವರಿಂದ ಈ ಗಳಿಗೆ ಕಾಫಿ ಬರುತ್ತದೋ ಕೊಂಕು ಬರುತ್ತದೋ ತಿಳಿಯದು. ಆದ್ದರಿಂದ ನಿಮಗಾಗುತ್ತಿರುವ ಆಯಾಸ ನಿಮ್ಮ ಕಲ್ಪನೆಯಲ್ಲ.

ಹಾಗಾದರೆ ಎಂಥ ಬೈಗುಳವನ್ನು ತಾಳಿಕೊಳ್ಳಬಹುದು, ಎಂಥದ್ದನ್ನು ತಾಳಬಾರದು? ಇಲ್ಲಿ ನನ್ನ ವೃತ್ತಿಯ ಒಂದು ಹಳೆಯ ಪಾಠ ನಿಮಗೆ ಉಪಯೋಗಕ್ಕೆ ಬರಬಹುದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಸಹೋದ್ಯೋಗಿಗಳು 1950ರ ದಶಕದ ಕೊನೆಯಿಂದ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಂಡು ಮನೆಗೆ ಹಿಂದಿರುಗಿದವರನ್ನು ಗಮನಿಸುತ್ತ ಬಂದರು. ಕೆಲವು ಮನೆಗಳಿಗೆ ಹೋದವರು ಬೇಗ ಮತ್ತೆ ಕಾಯಿಲೆ ಬೀಳುತ್ತಿದ್ದರು. ಕಾರಣ ಹುಡುಕುತ್ತ ಹೋದಾಗ ಮನೆಯವರ ಮಾತಿನಲ್ಲಿ ಅಳೆಯಬಹುದಾದ ಐದು ಸಂಗತಿಗಳು ಸಿಕ್ಕವು: ಟೀಕೆ, ಹಗೆತನ, ಎಲ್ಲದರಲ್ಲೂ ಅತಿಯಾಗಿ ತಲೆಹಾಕುವುದು, ಬೆಚ್ಚಗಿನ ಅಕ್ಕರೆ ಮತ್ತು ಮೆಚ್ಚುಗೆಯ ಮಾತು. ನೀವು ರೋಗಿಯಲ್ಲ, ಆ ಫಲಿತಾಂಶಗಳನ್ನು ನಿಮಗೆ ನೇರವಾಗಿ ಅನ್ವಯಿಸಲಾಗದು. ಆದರೆ ಆ ವಿಂಗಡಣೆ ಯಾವ ಮನೆಗಾದರೂ ಹೊಂದುತ್ತದೆ. ಟೀಕೆ ಎಂದರೆ ಒಂದು ಕೆಲಸದ ಮೇಲಿನ ಮಾತು: "ಫೀಸಿನ ರಸೀದಿ ಎಲ್ಲಿಟ್ಟಿದ್ದೀಯ ಅಂತ ನಿನಗೇ ಗೊತ್ತಿರೋದಿಲ್ಲ." ಹಗೆತನ ಎಂದರೆ ಮನುಷ್ಯರ ಮೇಲೇ ಬರೆದ ಷರಾ: "ನೀನು ಹುಟ್ಟಿದ್ದೇ ಹೀಗೆ, ಎಲ್ಲಿ ಹೋದರೂ ಮನೆ ಮುರಿಯೋಳು." ಮೊದಲನೆಯದು ಅಕ್ಕರೆಯ ಜೊತೆ ಒಂದೇ ಮನೆಯಲ್ಲಿ, ಒಂದೇ ನಾಲಿಗೆಯಲ್ಲಿ ಬಾಳಬಲ್ಲದು. ಎರಡನೆಯದು ಬಾಳಲಾರದು.

ನಿಮ್ಮ ಅಕ್ಕನ "ಹೊಂದಿಕೊಂಡು ಹೋಗಿದ್ದರೆ" ಎಂಬ ಮಾತು ಇವೆರಡರ ಗಡಿಯ ಮೇಲಿದೆ. ಅದರಲ್ಲಿ ಅವಳ ಭಯವೂ ಸೇರಿರಬಹುದು. ಕೆಳಗೆ ಅವಳ ಅತ್ತೆ ಇದ್ದಾರೆ ಎಂದು ಬರೆದಿದ್ದೀರಿ. ತಂಗಿಯನ್ನು ಮನೆಯಲ್ಲಿಟ್ಟುಕೊಂಡದ್ದಕ್ಕೆ ಅವಳು ಅಲ್ಲಿ ಏನೇನು ಕೇಳಿಸಿಕೊಳ್ಳುತ್ತಿದ್ದಾಳೋ ನಮಗೆ ಗೊತ್ತಿಲ್ಲ, ಕೆಳಗೆ ಕೇಳಿಸಿಕೊಂಡದ್ದನ್ನು ಮೇಲೆ ಬಂದು ಹೇಳುತ್ತಿರಲೂಬಹುದು. ಇದು ಅವಳಿಗೆ ವಿನಾಯಿತಿ ಕೊಡುವ ವಾದವಲ್ಲ. ಯಾವ ಬಾಗಿಲು ತಟ್ಟಿದರೆ ತೆರೆದೀತು ಎಂದು ತಿಳಿಯಲು ಮಾತ್ರ.

ಈಗ ಗೆಳತಿಯ ವಿಷಯ. ಇದನ್ನು ಓದುವಾಗ ನಿಮಗೆ ಬೇಸರವಾಗಬಹುದು. ಒಂದೂವರೆ ಗಂಟೆ ಮಾತಾಡಿ ಫೋನಿಟ್ಟ ಮೇಲೆ "ಮನಸ್ಸು ಹಗುರಾಗುತ್ತದೆ, ಆದರೆ ಎರಡು ಗಂಟೆಯವರೆಗೆ ನಿದ್ದೆ ಬರುವುದಿಲ್ಲ" ಎಂದು ನೀವೇ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡ ವಾಕ್ಯ ಅದು. ಅಮಾಂಡಾ ರೋಸ್ ಎಂಬ ಮನಶ್ಶಾಸ್ತ್ರಜ್ಞೆ 2002ರಲ್ಲಿ ಶಾಲಾ ಮಕ್ಕಳ ಗೆಳೆತನವನ್ನು ಅಧ್ಯಯನ ಮಾಡುವಾಗ ಒಂದು ವಿಚಿತ್ರವನ್ನು ಕಂಡರು. ಒಂದೇ ದುಃಖವನ್ನು ಇಬ್ಬರೂ ಕೂಡಿ ಮತ್ತೆ ಮತ್ತೆ ಮೆಲುಕು ಹಾಕುವ ಜೋಡಿಗಳಲ್ಲಿ ಸ್ನೇಹ ಗಾಢವಾಗಿರುತ್ತಿತ್ತು. ಜೊತೆಗೇ ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಾಗಿರುತ್ತಿದ್ದವು. ಇದನ್ನು ದೊಡ್ಡವರಲ್ಲೂ ನಾನು ನೋಡುತ್ತಲೇ ಇದ್ದೇನೆ. "ನಿನ್ನದೇನೂ ತಪ್ಪಿಲ್ಲ ಕಣೇ, ಅವರೆಲ್ಲ ಹಾಗೇ" ಎಂಬ ಮಾತು ಮೊದಲ ತಿಂಗಳಲ್ಲಿ ಔಷಧ. ಹದಿನಾಲ್ಕನೆಯ ತಿಂಗಳಲ್ಲೂ ಅದೇ ಮಾತು ಪ್ರತಿ ರಾತ್ರಿ ಬೇಕಾಗುತ್ತಿದೆ ಎಂದರೆ ಆ ಮಾತು ಗಾಯವನ್ನು ಮಾಯಲು ಬಿಡದೆ ಕೆರೆಯುತ್ತಿದೆ ಎಂದರ್ಥ. ಗೆಳತಿಯಲ್ಲಿ ದೋಷವಿಲ್ಲ, ಆ ಒಂದೂವರೆ ಗಂಟೆಯ ರೂಢಿಯಲ್ಲಿದೆ.

ನಿಮ್ಮ ಎರಡನೆಯ ಪ್ರಶ್ನೆಗೆ, ಎಂದರೆ ಒಳ್ಳೆಯವರನ್ನು ಗುರುತಿಸುವುದು ಹೇಗೆ ಎಂಬುದಕ್ಕೆ, ನಾನು ಸಲಹೆಗೆ ಬಂದವರಿಗೆ ಹೇಳುವುದು ಎರಡೇ ಪರೀಕ್ಷೆಗಳನ್ನು. ಒಂದು, ಅವರನ್ನು ಭೇಟಿಯಾದ ಮಾರನೆಯ ದಿನ ನೀವು ಏನು ಮಾಡಿದಿರಿ ಎಂದು ನೋಡಿ. ಆ ಹೊತ್ತಿಗೆ ಹೇಗೆ ಅನ್ನಿಸಿತು ಎಂಬುದು ಬೇಡ. ಬಣ್ಣದ ಮಾತು ಆ ಹೊತ್ತಿಗೆ ಎಲ್ಲರಿಗೂ ಹಿತವೇ. ಮಾರನೆಯ ದಿನ ಬ್ಯಾಂಕಿಗೆ ಹೋದಿರೋ, ಮಗಳಿಗೆ ಸಿಡುಕಿದಿರೋ, ವಕೀಲರಿಗೆ ಕೊಡಬೇಕಾದ ಕಾಗದ ಹುಡುಕಿದಿರೋ, ಹಾಸಿಗೆಯಿಂದ ಏಳಲೇ ಆಗಲಿಲ್ಲವೋ? ಎರಡು ವಾರ ಇದನ್ನು ನಿಮ್ಮ ನೋಟ್‌ಬುಕ್ಕಿನಲ್ಲೇ ಗುರುತು ಹಾಕಿಕೊಳ್ಳಿ. ಇನ್ನೊಂದು ಪರೀಕ್ಷೆ ಸ್ವಲ್ಪ ಅನಿರೀಕ್ಷಿತವಾದದ್ದು: ಅವರಿಗೆ ನಿಮ್ಮದೊಂದು ಸಣ್ಣ ಸಂತೋಷದ ಸುದ್ದಿ ಹೇಳಿ. ಕಷ್ಟಕ್ಕೆ ಅಯ್ಯೋ ಪಾಪ ಎನ್ನುವುದು ಸುಲಭ. ಪರರ ಏಳಿಗೆಯನ್ನು ಕೇಳಿ ಅದರ ಬಗ್ಗೆ ಇನ್ನೆರಡು ಪ್ರಶ್ನೆ ಕೇಳುವವರು ಕಡಿಮೆ. ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2006ರಲ್ಲಿ ಜೋಡಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸಂಗಾತಿಯು ಕೆಟ್ಟ ಸುದ್ದಿಗೆ ಹೇಗೆ ಸ್ಪಂದಿಸುತ್ತಾರೆ ಎಂಬುದಕ್ಕಿಂತ ಒಳ್ಳೆಯ ಸುದ್ದಿಗೆ ಹೇಗೆ ಸ್ಪಂದಿಸುತ್ತಾರೆ ಎಂಬುದೇ ಸಂಬಂಧದ ಕ್ಷೇಮವನ್ನು ಚೆನ್ನಾಗಿ ಸೂಚಿಸಿತ್ತು. ಕೆಲಸ ಸಿಕ್ಕಿತೆಂದು ಹೇಳಿದಾಗ ಯಾರು ಯಾರು ಏನೆಂದರು ಎಂದು ನೆನಪಿಸಿಕೊಳ್ಳಿ. ಗೆಳತಿ "ಅಷ್ಟು ಕಡಿಮೆ ಸಂಬಳಕ್ಕಾ?" ಎಂದಳು, ಅಕ್ಕ ಏನೂ ಹೇಳದೆ ಸಂಜೆ ಹೋಳಿಗೆ ಮಾಡಿದಳು ಎಂದು ನೀವು ಬರೆದಿದ್ದೀರಿ. ನೀವು ಅದನ್ನು ದೂರಿನ ಸಾಲಿನಲ್ಲಿ ಬರೆದಿರುವುದು ನನಗೆ ಸ್ವಲ್ಪ ನಗು ತರಿಸಿತು, ಕ್ಷಮಿಸಿ.

ಚಿಕ್ಕಮ್ಮನ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಅವರು ಕೆಡುಕಿನಿಂದ ಸುದ್ದಿ ಮುಟ್ಟಿಸುತ್ತಿದ್ದಾರೋ, ರಾಜಿ ಮಾಡಿಸುವ ಆಸೆಯಿಂದಲೋ, ಬಾಯಿ ಕಟ್ಟಲಾಗದ ಸ್ವಭಾವದಿಂದಲೋ ಎಂಬುದು ಈ ಹೊತ್ತಿಗೆ ಮುಖ್ಯವಲ್ಲ. ಪ್ರಕರಣ ನ್ಯಾಯಾಲಯದಲ್ಲಿರುವಾಗ ನಿಮ್ಮ ಮಾತು ಎದುರು ಪಕ್ಷಕ್ಕೆ ತಲುಪುತ್ತಿದೆ ಎಂಬುದು ಮುಖ್ಯ. ಹಾಗೆಂದು ಬಾಗಿಲು ಹಾಕಬೇಕಾಗಿಲ್ಲ. ತವರಿನ ಕಡೆಯ ಹಿರಿಯರನ್ನು ಬರಬೇಡಿ ಎಂದರೆ ಅದೇ ಇನ್ನೊಂದು ಸುದ್ದಿಯಾಗುತ್ತದೆ, ಹಬ್ಬಹರಿದಿನಗಳಲ್ಲಿ ಮಗಳಿಗೆ ಇರುವ ಒಂದು ಮನೆ ಕಡಿಮೆಯಾಗುತ್ತದೆ. ಮಂಡಕ್ಕಿ ಒಗ್ಗರಣೆ ಮಾಡಿಕೊಡಿ, ಮಗಳ ಶಾಲೆಯ ಮಾತಾಡಿ, ಕೋರ್ಟಿನ ಮಾತು ಬಂದಾಗ "ವಕೀಲರು ಯಾರ ಹತ್ತಿರಾನೂ ಈ ವಿಷಯ ಮಾತಾಡಬೇಡಿ ಅಂದಿದ್ದಾರೆ ಚಿಕ್ಕಮ್ಮ" ಎಂದು ನಿಲ್ಲಿಸಿ. ವಕೀಲರ ಹೆಸರಿನಲ್ಲಿ ಹಾಕಿದ ನಿರ್ಬಂಧಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ, ಮತ್ತು ಯಾವ ವಕೀಲರಾದರೂ ಅದನ್ನೇ ಹೇಳುತ್ತಾರೆ. ಒಂದು ಎಚ್ಚರಿಕೆ: ನಿಮ್ಮ ಸಂಬಳದ ವಿಷಯ ಗಂಡನ ಮನೆಗೆ ತಲುಪಿತೆಂದು ಗಾಬರಿಯಾಗಿದ್ದೀರಿ. ಅದನ್ನು ನೆಂಟರಿಂದ ಮುಚ್ಚಿಡಬಹುದು, ನ್ಯಾಯಾಲಯದಿಂದ ಮುಚ್ಚಿಡಲಾಗದು. ಸುಪ್ರೀಂ ಕೋರ್ಟು 2020ರಲ್ಲಿ ಕೊಟ್ಟ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳ ಅಫಿಡವಿಟ್ ಸಲ್ಲಿಸಲೇಬೇಕು.

ಇಂಥ ತಿಳಿವಳಿಕೆಯನ್ನು ಗೆಳತಿಯಿಂದಲೋ ವಿಡಿಯೊಗಳಿಂದಲೋ ಪಡೆಯಬೇಡಿ ಎಂದೂ ಇಲ್ಲೇ ಹೇಳಿಬಿಡುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ನಾಲ್ಕು ಬಗೆಯ ಆಸರೆಗಳಲ್ಲಿ ಮೂರನೆಯದನ್ನು, ಅಂದರೆ ತಿಳಿವಳಿಕೆಯನ್ನು, ಸಂಬಂಧಿಕರಿಂದ ಪಡೆಯದಿರುವುದೇ ಎಷ್ಟೋ ಸಲ ಕ್ಷೇಮ.

ಇನ್ನು ಅಕ್ಕನ ವಿಷಯದಲ್ಲಿ ನಿಮ್ಮ ಮುಂದಿರುವ ದಾರಿಗಳು. ಬಾಡಿಗೆ ಮನೆ ಹಿಡಿದು ಹೊರಗೆ ಹೋಗುವುದು ಒಂದು. ಇದರಲ್ಲಿ ನೆಮ್ಮದಿ ಇದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಮುಂಗಡದ ಹಣಕ್ಕಿಂತ ದೊಡ್ಡ ಖರ್ಚು ಮಗಳ ಸಂಜೆಯದು: ಶಾಲೆ ಬಿಟ್ಟ ಮೇಲೆ ನೀವು ಬರುವವರೆಗಿನ ಎರಡೂವರೆ ಗಂಟೆ ಅವಳು ಯಾರ ಜೊತೆ ಇರುತ್ತಾಳೆ? ಈಗ ಹೋದರೆ ಜಗಳದಿಂದ ಹೋದಂತಾಗುತ್ತದೆ, ಆಮೇಲೆ ಜ್ವರದ ರಾತ್ರಿ ಆ ಬಾಗಿಲು ತಟ್ಟಲು ನಿಮಗೇ ಸಂಕೋಚವಾಗುತ್ತದೆ. ಆರು ತಿಂಗಳ ನಂತರ, ಹತ್ತಿರದ ಬೀದಿಯಲ್ಲಿ, ಅಕ್ಕನನ್ನೇ ಕೇಳಿ ಮನೆ ನೋಡುವುದಾದರೆ ನಾನು ಬೇಡ ಎನ್ನಲಾರೆ. ಈಗಿನಂತೆಯೇ ಎಲ್ಲವನ್ನೂ ನುಂಗಿಕೊಂಡು ಇರುವುದು ಇನ್ನೊಂದು ದಾರಿ. ಅದರ ಅಪಾಯವನ್ನು ರಕ್ತದೊತ್ತಡದ ಮಾತಿನಲ್ಲಿ ಹೇಳಿದ್ದೇನೆ, ನುಂಗಿದ್ದು ಮಗಳ ಮೇಲೆ ಸಿಡಿಯುತ್ತದೆ ಎಂಬುದನ್ನು ನೀವೇ ಒಪ್ಪಿಕೊಂಡಿದ್ದೀರಿ. ಉಳಿದದ್ದು ಮಾತಾಡುವುದು. ಇದಕ್ಕೆ ಜಗಳದ ಹೊತ್ತನ್ನು ಆರಿಸಬೇಡಿ. ಅಕ್ಕ ಸೊಪ್ಪು ಸೋಸುವಾಗಲೋ ಬಟ್ಟೆ ಮಡಚುವಾಗಲೋ ಪಕ್ಕದಲ್ಲಿ ಕುಳಿತು, ಕೈಯಲ್ಲಿ ಕೆಲಸ ಇರುವಾಗ ಹೇಳಿ. ಎಲ್ಲವನ್ನೂ ಕೇಳಬೇಡಿ, ಒಂದನ್ನೇ ಕೇಳಿ: "ಅಕ್ಕ, ನೀನಿಲ್ಲದಿದ್ದರೆ ಈ ವರ್ಷ ನಾನು ದಾಟುತ್ತಿರಲಿಲ್ಲ. ನನಗೆ ಏನು ಬೇಕಾದರೂ ಅನ್ನು, ಆದರೆ ಹೊಂದಿಕೊಂಡು ಹೋಗಬೇಕಿತ್ತು ಅನ್ನೋ ಮಾತನ್ನ ಮಗಳ ಮುಂದೆ ಮಾತ್ರ ಆಡಬೇಡ." ಈ ಕೋರಿಕೆಗೆ ಒಪ್ಪುವುದು ಅಕ್ಕನಿಗೆ ಸುಲಭ, ಏಕೆಂದರೆ ಅದು ಮಗುವಿನ ಸಲುವಾಗಿ. ಒಂದು ಮಾತು ನಿಂತರೆ ಉಳಿದದ್ದೂ ತಾನಾಗಿ ತಗ್ಗುವುದನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ. ಅವಳು ಅಳಬಹುದು, ಎರಡು ದಿನ ಮಾತು ಬಿಡಬಹುದು, ಭಾವನ ಮೂಲಕ ಮಾತು ಕಳಿಸಬಹುದು. ಆ ಎರಡು ದಿನಕ್ಕೆ ಸಿದ್ಧರಾಗಿಯೇ ಆರಂಭಿಸಿ.

ಇದರ ಜೊತೆಗೆ ಹಂಗಿನ ಪ್ರಶ್ನೆಯೂ ಇದೆ. "ಅವಳ ಹಂಗಿನಲ್ಲಿದ್ದೇನೆ" ಎಂಬ ಮಾತು ನಿಮ್ಮ ಪತ್ರದಲ್ಲಿ ಮೂರು ಕಡೆ ಬಂದಿದೆ. ನೀವು ಅಕ್ಕನ ಬೈಗುಳಕ್ಕಿಂತ ಹಂಗಿಗೇ ಹೆಚ್ಚು ನೋಯುತ್ತಿದ್ದೀರಿ ಎಂದು ನನ್ನ ಅನಿಸಿಕೆ. ನ್ಯೂಯಾರ್ಕಿನಲ್ಲಿ ವಕೀಲರ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳ ದಿನಚರಿಗಳನ್ನು ಪರಿಶೀಲಿಸಿದ ನಯಲ್ ಬೋಲ್ಜರ್ ಎಂಬ ಸಂಶೋಧಕರು 2000ದಲ್ಲಿ ತೋರಿಸಿದ್ದೇನೆಂದರೆ, ಪಡೆದವರ ಗಮನಕ್ಕೇ ಬಾರದಂತೆ ಕೊಟ್ಟ ಸಹಾಯ ಅವರ ಮನಸ್ಸನ್ನು ಹಗುರ ಮಾಡಿತು, ಎದ್ದು ಕಾಣುವಂತೆ ಕೊಟ್ಟ ಸಹಾಯ ಎಷ್ಟೋ ಸಲ ಭಾರವನ್ನೇ ಹೆಚ್ಚಿಸಿತು. ನಮ್ಮಲ್ಲಿ ಈ ಭಾರಕ್ಕೆ ಒಂದು ಒಳ್ಳೆಯ ಶಬ್ದವೇ ಇದೆ. ಅದನ್ನು ಇಳಿಸುವ ಉಪಾಯ ಸಹಾಯವನ್ನು ನಿರಾಕರಿಸುವುದಲ್ಲ, ತಿರುಗಿ ಏನಾದರೂ ಕೊಡುವುದು. ತಿಂಗಳ ಅಕ್ಕಿಯ ಚೀಲವೋ, ಕರೆಂಟಿನ ಬಿಲ್ಲೋ ನಿಮ್ಮದಾಗಲಿ. ಭಾವನ ಅಂಗಡಿಯ ಜಿಎಸ್‌ಟಿ ಲೆಕ್ಕವನ್ನು ಭಾನುವಾರ ನೀವು ನೋಡಿಕೊಡಬಹುದೇ ಎಂದು ಕೇಳಿ. ನಿಮ್ಮಲ್ಲಿ ಆ ವಿದ್ಯೆ ಇದೆ, ಅವರಿಗೆ ಅದರ ಅಗತ್ಯ ಇದೆ.

ಗೆಳತಿಯ ಜೊತೆ ಮಾತು ಬಿಡಬೇಡಿ, ಹೊತ್ತನ್ನು ಬದಲಿಸಿ. ರಾತ್ರಿಯ ಒಂದೂವರೆ ಗಂಟೆ ವಾರಕ್ಕೆ ಎರಡು ಸಲ, ಸಂಜೆ, ಅರ್ಧ ಗಂಟೆಗೆ ಇಳಿಯಲಿ. ಮೊದಲ ಹತ್ತು ನಿಮಿಷ ದುಃಖಕ್ಕೆ, ಉಳಿದದ್ದು ಬೇರೆಯದಕ್ಕೆ ಎಂದು ಇಬ್ಬರೂ ಒಪ್ಪಿಕೊಳ್ಳಿ. ಅವಳ ಮನೆಯಲ್ಲಿ ಏನು ನಡೆದಿದೆ ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ? ಅವಳಿಗೂ ಇದು ಭಾರವಾಗಿರಬಹುದು, ಹೇಳಲು ಬಾಯಿ ಬಂದಿರಲಾರದು.

ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಸಹೋದ್ಯೋಗಿಯನ್ನು ನಾನು ಹಿಡಿದು ನಿಲ್ಲಿಸಬೇಕೆಂದಿದ್ದೇನೆ. "ಹೆಚ್ಚು ಮಾತಾಡುವುದಿಲ್ಲ, ಟ್ಯಾಲಿ ಹೇಳಿಕೊಟ್ಟರು, ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಖಾಲಿ ಇದೆ ಎಂದರು" ಎಂದಷ್ಟೇ ಬರೆದು, ಪಟ್ಟಿಯಲ್ಲಿ ಅವರ ಹೆಸರನ್ನೇ ಸೇರಿಸಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರ ಪೈಕಿ ಶೇ. 16.7 ಜನರಿಗೆ ಮಾತ್ರ ಆ ಸುದ್ದಿ ಆಗಾಗ ಭೇಟಿಯಾಗುವ ಆಪ್ತರಿಂದ ಬಂದಿತ್ತು, ಶೇ. 55.6 ಜನರಿಗೆ ಆಗೊಮ್ಮೆ ಈಗೊಮ್ಮೆ ಸಿಗುವವರಿಂದ, ಶೇ. 27.8 ಜನರಿಗೆ ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ದಾರಿ ತೆರೆಯುವವರು ದೂರದವರು. ಹಾಗೆಂದು ನಾಳೆಯೇ ಅವರ ಮುಂದೆ ಹನ್ನೊಂದು ವರ್ಷದ ಕಥೆಯನ್ನು ಬಿಚ್ಚಬೇಡಿ. ಒಂಟಿಯಾದವರು ಮಾಡುವ ತಪ್ಪು ಇದೇ: ಹಿತವಾಗಿ ನಾಲ್ಕು ಮಾತಾಡಿದವರ ಹೆಗಲ ಮೇಲೆ ಮೊದಲ ವಾರವೇ ಇಡೀ ಹೊರೆ ಇಳಿಸಿ, ಅವರು ಹಿಂದೆ ಸರಿದಾಗ ಜನರೇ ಕೆಟ್ಟವರು ಎಂದುಕೊಳ್ಳುವುದು. ಪರಿಚಯ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಬೇಕು ಎಂದು ಅಮೆರಿಕದ ಸಂಶೋಧಕ ಜೆಫ್ರಿ ಹಾಲ್ 2018ರಲ್ಲಿ ಅಂದಾಜು ಮಾಡಿದ್ದಾರೆ. ಅದರಲ್ಲಿ ಕೆಲಸ ಮಾಡುತ್ತ ಜೊತೆಗಿದ್ದ ಗಂಟೆಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ವಾರಕ್ಕೆ ಎರಡು ಗಂಟೆ ಸಂತೆಗೋ ವಾಕಿಂಗಿಗೋ ಜೊತೆಯಾದರೆ ಮೊದಲ ಹಂತಕ್ಕೇ ಆರು ತಿಂಗಳು ಹಿಡಿಯುತ್ತದೆ. ಅವಸರ ಬೇಡ.

ಸಂಬಂಧವನ್ನು ಪೂರ್ತಿ ಕಡಿದುಕೊಳ್ಳಬೇಕಾದ ಸಂದರ್ಭಗಳೂ ಇವೆ, ಅವನ್ನು ನಾನು ಮೃದುಗೊಳಿಸಿ ಹೇಳುವುದಿಲ್ಲ. ಕೈ ಮಾಡುವವರು, ಹೆದರಿಸುವವರು, ನಿಮ್ಮ ಸಂಬಳವನ್ನೋ ಒಡವೆಯನ್ನೋ ಕಿತ್ತುಕೊಳ್ಳುವವರು, ನಿಮ್ಮನ್ನು ಉಳಿದ ಎಲ್ಲರಿಂದ ದೂರ ಮಾಡಲು ನೋಡುವವರು ಯಾರೇ ಆಗಿರಲಿ, ಅವರ ಜೊತೆ ಹೊಂದಾಣಿಕೆಯ ಪ್ರಯೋಗ ಮಾಡುತ್ತ ಕೂರಬೇಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡನಿಗೆ ಮಾತ್ರ ಅನ್ವಯಿಸುವಂಥದ್ದಲ್ಲ, ಒಂದೇ ಸೂರಿನಡಿ ಬಾಳುವ ರಕ್ತಸಂಬಂಧಿಗಳಿಗೂ ಅನ್ವಯಿಸುತ್ತದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ನಿಮ್ಮ ಪತ್ರದಲ್ಲಿ ಅಕ್ಕನ ಬಗ್ಗೆ ಬರೆದುದರಲ್ಲಿ ಇಂಥದ್ದೇನೂ ನನಗೆ ಕಾಣಲಿಲ್ಲ. ಇದ್ದೂ ಬರೆದಿಲ್ಲವಾದರೆ ಮೇಲೆ ಹೇಳಿದ ಸಲಹೆಯನ್ನು ಬಿಟ್ಟು ಇದನ್ನು ಅನುಸರಿಸಿ.

ನಿದ್ದೆಯ ವಿಷಯವನ್ನು ಬಿಡಲಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟು, ಹಸಿವು ಕುಗ್ಗಿ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆಯ ಕಣ್ಣಿಗೆ ಎಲ್ಲರ ಮುಖವೂ ಗಂಟಿಕ್ಕಿದಂತೆಯೇ ಕಾಣುತ್ತದೆ, ಆ ಹೊತ್ತಿನಲ್ಲಿ ಬರೆದ ಪಟ್ಟಿಯನ್ನು ನಾನು ನಂಬುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಅಷ್ಟರೊಳಗೆ ಯಾವ ರಾತ್ರಿಯಾದರೂ ತೀರ ಕಷ್ಟವೆನಿಸಿದರೆ 14416ಕ್ಕೆ ಕರೆ ಮಾಡಿ, ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಮುಂದಿನ ತಿಂಗಳ ತಾರೀಕಿಗೆ ಯಾರನ್ನು ಕರೆದುಕೊಂಡು ಹೋಗಬೇಕು ಎಂಬುದು. ಬೆಂಗಳೂರಿನ ಗೆಳತಿ ಬರುತ್ತೇನೆಂದಿದ್ದಾಳೆ. ಅವಳು ಬಂದರೆ ಕಾಯುವ ಮೂರು ಗಂಟೆ ಹಳೆಯದನ್ನೇ ಮಾತಾಡಿ, ಒಳಗೆ ಕರೆಯುವ ಹೊತ್ತಿಗೆ ನೀವು ಕುದಿಯುತ್ತಿರುತ್ತೀರಿ. ಅಕ್ಕ ಬಂದರೆ ಕಾರಿಡಾರಿನಲ್ಲಿ ನಿಮ್ಮ ಗಂಡನನ್ನು ಕಂಡು ಏನಾದರೂ ಅಂದುಬಿಡುವ ಸಂಭವವಿದೆ. ನಾನಾಗಿದ್ದರೆ ಭಾವನನ್ನು ಕೇಳುತ್ತಿದ್ದೆ. "ಅವರು ಇದ್ದರೂ ಇಲ್ಲದಂತೆ" ಎಂದು ಬರೆದಿದ್ದೀರಲ್ಲ, ಆ ದಿನಕ್ಕೆ ಬೇಕಾಗಿರುವುದು ಅಂಥವರೇ. ಏನೂ ಮಾತಾಡಬೇಕಾಗಿಲ್ಲ, ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಕಾಗದದ ಚೀಲ ಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರೆ ಸಾಕು ಎಂದು ಮುಂಚೆಯೇ ಹೇಳಿ. ಅಕ್ಕನಿಗೆ ಆ ದಿನ ಮಗಳನ್ನು ಒಪ್ಪಿಸಿ. ಮಧ್ಯಾಹ್ನದ ಬುತ್ತಿಯನ್ನು ಅವಳು ಹೇಗೂ ಕಟ್ಟಿಕೊಡುತ್ತಾಳೆ, ಇಬ್ಬರಿಗಾಗುವಷ್ಟು.